ಉಡುತಡಿಯಿಂದ ಕಲ್ಯಾಣಕ್ಕೆ: ಒಂದು ತ್ರೈರಾಶಿಕದ ವಿಚಾರ

ಹನ್ನೆರಡನೆಯ ಶತಮಾನದ ಶಿವಶರಣರ ಚರಿತ್ರೆಯನ್ನು ಪಾಠಮಾಡುವಾಗ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಲ್ಲಿ ಒಂದು ಹೀಗಿರುತ್ತದೆ: ಅಕ್ಕಮಹಾದೇವಿಯು ಉಡುತಡಿಯನ್ನು ಬಿಟ್ಟು ಕಲ್ಯಾಣವನ್ನು ಸೇರಲು ಎಷ್ಟು ದಿನ ನಡೆದಿರಬೇಕು? ಪ್ರಶ್ನೆ ಸರಳವಾದುದು; ಭಕ್ತಿಯಿಂದಲೂ ಕುತೂಹಲದಿಂದಲೂ ಹುಟ್ಟಿದುದು. ಇದನ್ನು ಲೆಕ್ಕವಾಗಿ ಬರೆದರೆ ಪ್ರೌಢಶಾಲೆಯ ಅಂಕಗಣಿತದ ಒಂದು ಸಾಮಾನ್ಯ ಸಮಸ್ಯೆಯಂತೆಯೇ ಕಾಣುತ್ತದೆ. ಆದರೆ ಈ ಲೆಕ್ಕವನ್ನು ಹಂತಹಂತವಾಗಿ ಮಾಡಿ ನೋಡಿದರೆ, ಚರಿತ್ರೆಯಲ್ಲಿ ಅನುಪಾತವನ್ನು ಎಲ್ಲಿಯವರೆಗೆ ನಂಬಬಹುದು, ಎಲ್ಲಿ ನಂಬಬಾರದು ಎಂಬುದು ಸ್ಪಷ್ಟವಾಗುತ್ತದೆ. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಉಡುತಡಿಯು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಸಮೀಪದಲ್ಲಿದೆ. ಅಲ್ಲಮಪ್ರಭುವಿನ ಊರೆಂದು ಪರಂಪರೆಯು ಹೇಳುವ ಬಳ್ಳಿಗಾವೆಯೂ ಇದೇ ಸೀಮೆಯದು. ಕಲ್ಯಾಣವೆಂದರೆ ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣ. ಶೂನ್ಯಸಂಪಾದನೆಯು ಅಲ್ಲಮನಿಗೂ ಅಕ್ಕನಿಗೂ ನಡೆದ ಸಂವಾದವನ್ನು ಅಲ್ಲಿಯೇ ಇರಿಸಿದೆ. ಅಕ್ಕನು ನಡೆದ ದಾರಿ ಯಾವುದು, ಎಲ್ಲೆಲ್ಲಿ ತಂಗಿದಳು ಎಂಬುದನ್ನು ನಿರ್ಣಯಿಸುವುದು ಇಲ್ಲಿ ನಮ್ಮ ಕೆಲಸವಲ್ಲ. ಎರಡು ಊರುಗಳನ್ನು ಇಟ್ಟುಕೊಂಡು ಲೆಕ್ಕದ ಮಾರ್ಗವನ್ನಷ್ಟೇ ಪರೀಕ್ಷಿಸೋಣ.

ಮೂರು ರಾಶಿಗಳು ಗೊತ್ತಿರುವಾಗ ನಾಲ್ಕನೆಯದನ್ನು ಕಂಡುಹಿಡಿಯುವ ಕ್ರಮಕ್ಕೆ ನಮ್ಮ ಪೂರ್ವಿಕರು ತ್ರೈರಾಶಿಕವೆಂದು ಹೆಸರಿಟ್ಟರು. ಕ್ರಿ. ಶ. 499ರ ಆರ್ಯಭಟೀಯದಲ್ಲಿ ಇದರ ಸೂತ್ರವಿದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ದಾರಿ ನಡೆಯುವವರ ಲೆಕ್ಕಗಳನ್ನೂ ಅದರಲ್ಲಿ ಸೇರಿಸಿದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತದಲ್ಲಿ ಈ ವಿದ್ಯೆಯನ್ನು ಕನ್ನಡದಲ್ಲಿಯೇ ವಿವರಿಸಿದನು. ತಿಳಿದ ಅಳತೆ ಪ್ರಮಾಣ. ಅದಕ್ಕೆ ದೊರೆಯುವುದು ಫಲ. ಕೇಳಿದ ಅಳತೆ ಇಚ್ಛೆ. ಬರಬೇಕಾದ ಉತ್ತರ ಇಚ್ಛಾಫಲ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸತಕ್ಕದ್ದು. ಇದರ ಒಳಗಿನ ತತ್ತ್ವವೆಂದರೆ ಪ್ರಮಾಣಕ್ಕೂ ಫಲಕ್ಕೂ ಇರುವ ಸಂಬಂಧವೇ ಇಚ್ಛೆಗೂ ಇಚ್ಛಾಫಲಕ್ಕೂ ಇರುತ್ತದೆ, ಅಂದರೆ ಎರಡು ಅನುಪಾತಗಳು ಸಮವಾಗಿರುತ್ತವೆ ಎಂಬುದು.

ಮೊದಲನೆಯ ಹಂತ ನಕ್ಷೆಯದು. 1 ಸೆಂಟಿಮೀಟರಿಗೆ 10 ಕಿಲೋಮೀಟರಿನ ಮಾನದ ನಕ್ಷೆಯಲ್ಲಿ ಈ ಎರಡು ಊರುಗಳ ನಡುವಣ ಸರಳರೇಖೆ ಸುಮಾರು 43 ಸೆಂಟಿಮೀಟರ್ ಬರುತ್ತದೆ. 1ಕ್ಕೆ 10 ಆದರೆ 43ಕ್ಕೆ 430. ಆದುದರಿಂದ ನೇರ ದೂರ ಸುಮಾರು 430 ಕಿಲೋಮೀಟರ್. ಅಕ್ಷಾಂಶ ರೇಖಾಂಶಗಳಿಂದಲೂ ಇದನ್ನು ತಾಳೆ ನೋಡಬಹುದು. ಕಲ್ಯಾಣವು ಉಡುತಡಿಗಿಂತ ಉತ್ತರಕ್ಕೆ ಸುಮಾರು 392 ಕಿಲೋಮೀಟರ್, ಪೂರ್ವಕ್ಕೆ ಸುಮಾರು 177 ಕಿಲೋಮೀಟರ್ ದೂರದಲ್ಲಿದೆ. ಈ ಎರಡನ್ನು ಭುಜಗಳಾಗಿ ಇಟ್ಟುಕೊಂಡರೆ ಲಂಬಕೋನ ತ್ರಿಭುಜದ ಕರ್ಣವೂ 430ರ ಸಮೀಪಕ್ಕೇ ಬರುತ್ತದೆ.

ಇಲ್ಲಿಯೇ ನಿಂತು 430ನ್ನು ನಡೆದ ದಾರಿಯೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಒಂದು ವರ್ಷ ಈ ತಪ್ಪನ್ನು ನಾನೇ ಕಪ್ಪುಹಲಗೆಯ ಮೇಲೆ ಬರೆದು, ಮುಂದಿನ ತರಗತಿಯಲ್ಲಿ ಅಳಿಸಿ ತಿದ್ದಬೇಕಾಯಿತು. ರೇಖೆಯು ಹಾರುವ ಹಕ್ಕಿಯ ದಾರಿ. ಮನುಷ್ಯನದು ಕೆರೆಯ ಏರಿ, ಹಳ್ಳ, ಕಡವುಗಳನ್ನು ಬಳಸಿಕೊಂಡು ಹೋಗುವ ದಾರಿ. ನೇರ ದೂರದಿಂದ ದಾರಿಯ ದೂರವನ್ನು ತಿಳಿಯಲು ಎರಡೂ ಗೊತ್ತಿರುವ ಬೇರೊಂದು ಜೋಡಿಯನ್ನು ಹಿಡಿಯಬೇಕು. ಬೆಂಗಳೂರಿಗೂ ಮೈಸೂರಿಗೂ ನೇರ ದೂರ ಸುಮಾರು 126 ಕಿಲೋಮೀಟರ್, ರಸ್ತೆಯ ದೂರ ಸುಮಾರು 145. 126ಕ್ಕೆ 145 ಆದರೆ 430ಕ್ಕೆ ಎಷ್ಟು? 430ನ್ನು 145ರಿಂದ ಗುಣಿಸಿ 126ರಿಂದ ಭಾಗಿಸಿದರೆ ಸುಮಾರು 495 ಕಿಲೋಮೀಟರ್, ಅಂದರೆ ಸುಮಾರು 308 ಮೈಲಿ ದೊರೆಯುತ್ತದೆ. ಮೈಸೂರಿನ ಹೆದ್ದಾರಿಯ ಅನುಪಾತವನ್ನು ಹಳೆಯ ಕಾಲುದಾರಿಗೆ ಹಚ್ಚುವುದು ಸರಿಯೇ ಎಂದು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದು, ಅದಕ್ಕೆ ಮುಂದೆ ಬರೋಣ.

ಎರಡನೆಯ ಹಂತ ದಿನಗಳದು. ದಿನಕ್ಕೆ ಒಂದು ಗಾವುದ ನಡೆದರೆಂದು ಇಟ್ಟುಕೊಳ್ಳೋಣ. ಕನ್ನಡದ ರೂಢಿಯಲ್ಲಿ ಒಂದು ಹರಿದಾರಿಗೆ ಸುಮಾರು 3 ಮೈಲಿ, ನಾಲ್ಕು ಹರಿದಾರಿ ಸೇರಿ ಒಂದು ಗಾವುದ, ಅಂದರೆ ಸುಮಾರು 12 ಮೈಲಿ. 12 ಮೈಲಿಗೆ 1 ದಿನವಾದರೆ 308 ಮೈಲಿಗೆ ಸುಮಾರು 26 ದಿನ. ಐದು ದಿನ ನಡೆದು ಒಂದು ದಿನ ತಂಗುವುದಾದರೆ ನಡಿಗೆಯ 5 ದಿನಕ್ಕೆ ಒಟ್ಟು 6 ದಿನ ಸಲ್ಲುತ್ತವೆ. ಹೀಗೆ 26ಕ್ಕೆ ಸುಮಾರು 31 ಆಗುತ್ತದೆ. ಮುಂದೆ ಸಾಗಿ ಮತ್ತೆ ಹಿಂದೆ ಸರಿಯುವವನ ಲೆಕ್ಕದಲ್ಲಿ ಮಹಾವೀರಾಚಾರ್ಯನು ಮೊದಲು ನಿಜವಾದ ಮುನ್ನಡೆಯನ್ನು ಕಂಡುಕೊಳ್ಳುವಂತೆ ವಿಧಿಸುತ್ತಾನೆ. ತಂಗುವ ದಿನಗಳನ್ನು ಸೇರಿಸಿಕೊಳ್ಳುವುದೂ ಅಂತಹುದೇ ಎಚ್ಚರಿಕೆ.

ಈ ಹಂತದಲ್ಲಿ ವಿದ್ಯಾರ್ಥಿಗಳು ಮುಗ್ಗರಿಸುವ ಇನ್ನೊಂದು ಸ್ಥಳವಿದೆ. ದಿನಕ್ಕೆ 12ರ ಬದಲು 16 ಮೈಲಿ ನಡೆದರೆ ಎಷ್ಟು ದಿನ ಬೇಕು ಎಂದು ಕೇಳಿದರೆ ಕೆಲವರು 26ನ್ನು 16ರಿಂದ ಗುಣಿಸಿ 12ರಿಂದ ಭಾಗಿಸಿ, ಸುಮಾರು 35 ದಿನ ಎನ್ನುತ್ತಾರೆ. ನಡಿಗೆ ಚುರುಕಾದರೆ ದಿನಗಳು ಕಡಮೆಯಾಗಬೇಕಲ್ಲದೆ ಹೆಚ್ಚಾಗಬಾರದು. ಇದು ವ್ಯಸ್ತ ತ್ರೈರಾಶಿಕ; 12ರಿಂದ ಗುಣಿಸಿ 16ರಿಂದ ಭಾಗಿಸಿದರೆ ಬರುವ ಹತ್ತೊಂಬತ್ತೂವರೆ ದಿನವೇ ಸರಿಯಾದ ಉತ್ತರ. ಅಂಕೆಗಳನ್ನು ಮುಟ್ಟುವ ಮೊದಲು ಉತ್ತರ ಹಿಗ್ಗಬೇಕೋ ಕುಗ್ಗಬೇಕೋ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಈಗ ಆಕ್ಷೇಪಗಳನ್ನು ತೂಗಿ ನೋಡೋಣ. ಹಳೆಯ ದಾರಿ ಮೈಸೂರಿನ ಹೆದ್ದಾರಿಗಿಂತ ಹೆಚ್ಚು ಅಂಕುಡೊಂಕಾಗಿತ್ತೆಂದು ಒಪ್ಪಿ, ನೇರ ದೂರದ 10 ಕಿಲೋಮೀಟರಿಗೆ ದಾರಿಯ 13 ಕಿಲೋಮೀಟರ್ ಎಂದು ಹಿಡಿಯೋಣ. ಆಗ ದಾರಿ 559 ಕಿಲೋಮೀಟರ್, ನಡಿಗೆ 29 ದಿನ. ವ್ಯತ್ಯಾಸ ಮೂರೇ ದಿನಗಳದು.

ಆದರೆ ಗಾವುದವೆಂಬ ಮಾತನ್ನೇ ಬೇರೆಯಾಗಿ ಅರ್ಥಮಾಡಿದರೆ ಏನಾಗುತ್ತದೆ? ಗಾವುದವನ್ನು ಸಂಸ್ಕೃತದ ಗವ್ಯೂತಿಯ ತದ್ಭವವೆಂದು ಹೇಳುವುದುಂಟು. ಅಮರಕೋಶದಲ್ಲಿ ಗವ್ಯೂತಿಯೆಂದರೆ ಎರಡು ಕ್ರೋಶ. ಮಹಾವೀರಾಚಾರ್ಯನ ಕೋಷ್ಟಕದಲ್ಲಿ 4 ಹಸ್ತಕ್ಕೆ 1 ದಂಡ, 2000 ದಂಡಕ್ಕೆ 1 ಕ್ರೋಶ, 4 ಕ್ರೋಶಕ್ಕೆ 1 ಯೋಜನ. ಹಸ್ತವು ಒಂದೂವರೆ ಅಡಿಯಾದರೆ ಯೋಜನವು 48,000 ಅಡಿ, ಅಂದರೆ 9 ಮೈಲಿಗಿಂತ ತುಸು ಹೆಚ್ಚು. ಅದರ ಅರ್ಧವಾದ ಗವ್ಯೂತಿಯು ಸುಮಾರು ನಾಲ್ಕೂವರೆ ಮೈಲಿ. ದಿನಕ್ಕೆ ಇಷ್ಟೇ ನಡೆದರೆ 308 ಮೈಲಿಗೆ ಸುಮಾರು 68 ದಿನ ಬೇಕು! ದಾರಿಯ ಡೊಂಕಿನಿಂದ ಮೂರು ದಿನ ಬದಲಾದ ಉತ್ತರವು ಒಂದು ಶಬ್ದದ ಅರ್ಥದಿಂದ ನಲವತ್ತೆರಡು ದಿನ ಬದಲಾಯಿತು. ಗುಣಾಕಾರ ಭಾಗಾಕಾರಗಳು ಎರಡು ಕಡೆಯೂ ನಿರ್ದೋಷವಾಗಿಯೇ ಇವೆ. ದೋಷವಿರುವುದು ಪ್ರಮಾಣದ ಆಯ್ಕೆಯಲ್ಲಿ.

ಇದು ಕೇವಲ ಪುಸ್ತಕದ ಚರ್ಚೆಯೆಂದು ಭಾವಿಸಬಾರದು. ಉಡುತಡಿಯ ನೆರೆಯ ಬಳ್ಳಿಗಾವೆಯಲ್ಲಿ ಚಾಮುಂಡರಾಯರಸನು 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭ ಇಂದಿಗೂ ಇದೆ. ಈ ಸೀಮೆಯ ಶಾಸನಗಳಲ್ಲಿ ಭೂಮಿಯನ್ನು ಅಳೆಯುವ ಭೇರುಂಡ ಘಳೆಯ ಹೆಸರು ಬರುತ್ತದೆ. ಇಂತಹ ಘಳೆಯಲ್ಲಿ ಇಷ್ಟು ಮತ್ತರು ಎಂದು ಶಾಸನವನ್ನು ಬರೆಯಿಸಿದವರು ಕೋಲಿನ ಹೆಸರನ್ನೂ ಸೇರಿಸಿದುದು ವ್ಯರ್ಥಾಲಂಕಾರಕ್ಕಲ್ಲ; ಕೋಲು ಬದಲಾದರೆ ಮತ್ತರೂ ಬದಲಾಗುತ್ತದೆಂದು ಅವರಿಗೆ ತಿಳಿದಿತ್ತು. ಅವರು ತೋರಿದ ಎಚ್ಚರವನ್ನು ಅವರ ಚರಿತ್ರೆಯನ್ನು ಬರೆಯುವ ನಾವೂ ತೋರಬೇಕಲ್ಲವೆ?

ಇಷ್ಟಾದ ಮೇಲೆ ಮೊದಲ ಪ್ರಶ್ನೆಗೆ ಏನೆಂದು ಉತ್ತರ ಕೊಡಬೇಕು? ದಿನಕ್ಕೆ 12 ಮೈಲಿಯ ನಡಿಗೆ, ಸಾಧಾರಣವಾದ ದಾರಿ, ಆರು ದಿನಕ್ಕೊಮ್ಮೆ ತಂಗುವಿಕೆ, ಈ ಮೂರನ್ನೂ ಒಪ್ಪಿದರೆ ಸುಮಾರು ಒಂದು ತಿಂಗಳು ಎನ್ನಬಹುದು. ಉತ್ತರದ ಜೊತೆಗೆ ಈ ಷರತ್ತುಗಳನ್ನೂ ಬರೆಯಬೇಕು. ಅಕ್ಕನು ಮೂವತ್ತೊಂದು ದಿನಗಳಲ್ಲಿ ಕಲ್ಯಾಣವನ್ನು ತಲುಪಿದಳೆಂದು ಬರೆದರೆ ಅದು ಚರಿತ್ರೆಯಾಗದು. ಮಳೆಗಾಲದಲ್ಲಿ ವರದಾ, ಕೃಷ್ಣಾ, ಭೀಮಾ ನದಿಗಳ ಕಡವಿನಲ್ಲಿ ಎಷ್ಟು ದಿನ ಕಾಯಬೇಕಾಗುತ್ತಿತ್ತೆಂಬುದನ್ನು ಯಾವ ಅನುಪಾತವೂ ಹೇಳಲಾರದು. ಮೊದಲ ದಿನದ ನಡಿಗೆಯೇ ಇಪ್ಪತ್ತನೆಯ ದಿನವೂ ಉಳಿಯುವುದೆಂಬ ಭರವಸೆಯೂ ಇಲ್ಲ.

ಹಾಗೆಂದು ಲೆಕ್ಕ ನಿಷ್ಪ್ರಯೋಜಕವೂ ಅಲ್ಲ. ಐದೇ ದಿನಗಳಲ್ಲಿ ನಡೆದು ತಲುಪಿದರೆಂದು ಯಾರಾದರೂ ಹೇಳಿದರೆ, ದಿನಕ್ಕೆ 99 ಕಿಲೋಮೀಟರ್ ನಡೆಯಬೇಕಾಗುತ್ತದೆಂದು ತೋರಿಸಿ ಆ ಮಾತನ್ನು ಕೈಬಿಡಬಹುದು. ಅಸಾಧ್ಯವಾದುದನ್ನು ದೂರಮಾಡುವುದರಲ್ಲಿ ತ್ರೈರಾಶಿಕವು ಬಲಶಾಲಿ. ಸಾಧ್ಯವಾದವುಗಳಲ್ಲಿ ನಡೆದುದು ಯಾವುದೆಂದು ನಿರ್ಣಯಿಸಲು ಅದಕ್ಕೆ ಅಧಿಕಾರವಿಲ್ಲ. ಆ ನಿರ್ಣಯಕ್ಕೆ ಶಾಸನ, ಕಾವ್ಯ, ವಚನಗಳ ಸಾಕ್ಷ್ಯವೇ ಬೇಕು. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಿಂದ ಒಂದು ಹಳೆಯ ದಾರಿಯನ್ನು ಆರಿಸಿ, ಅಲ್ಲಿಯ ಹಿರಿಯರು ಹರಿದಾರಿಯೆಂದರೆ ಎಷ್ಟು ದೂರವೆಂದು ತಿಳಿದಿದ್ದಾರೆಂಬುದನ್ನು ಮೊದಲು ಕೇಳಿ, ಆಮೇಲೆ ಈ ಲೆಕ್ಕವನ್ನು ಮಾಡಿ ನೋಡಲಿ. ಗಣಿತ ಚರಿತ್ರೆಗಳೆರಡರ ಪಾಠವೂ ಒಟ್ಟಿಗೆ ಆಗುತ್ತದೆ.