ಸುಳ್ಳು ಹೇಳುವ ಯಂತ್ರ ಯಾವುದು?

ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ನೆಟ್ ಹೋಯಿತೆಂದರೆ ಕೆಲವೊಮ್ಮೆ ಕೆಲಸದ ಅರ್ಜಿಯೂ ಹೋದಂತೆ. ಕೊನೇ ದಿನದಂದು ನನ್ನದೊಂದು ಅರ್ಜಿ ಹೀಗೇ ತಪ್ಪಿತು. ದೂರು ಕೊಟ್ಟರೆ ಎಲ್ಲರದ್ದೂ ಒಂದೇ ಮಾತು: ‘ನಮ್ಮ ಕಡೆ ಸರಿ ಇದೆ.’ ಹಾಗಾದರೆ ಕೆಟ್ಟಿದ್ದು ಎಲ್ಲಿ?

ಬಿಸಿಎ ಓದುವ ನನಗೆ ದಾರಿ ಕಂಡಿದ್ದು 1967ರ ಒಂದು ಲೆಕ್ಕದಲ್ಲಿ. ಪ್ರಿಪರಾಟಾ, ಮೆಟ್ಜ್, ಚಿಯೆನ್ ಎಂಬ ಮೂವರು, ಯಂತ್ರಗಳೇ ಒಂದನ್ನೊಂದು ಪರೀಕ್ಷಿಸಿ ಕೆಟ್ಟದ್ದನ್ನು ಹುಡುಕುವ ಬಗೆ ತೋರಿಸಿದರು. ತೊಡಕು ಒಂದೇ: ಕೆಟ್ಟ ಯಂತ್ರದ ವರದಿ ನಂಬುವಂತಿಲ್ಲ.

ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಒಂದೊಂದು ರೂಟರ್ ಇದೆ ಅಂದುಕೊಳ್ಳಿ. ಭಟ್ಕಳ ಹೊನ್ನಾವರವನ್ನು, ಹೊನ್ನಾವರ ಕುಮಟಾವನ್ನು, ಕುಮಟಾ ಭಟ್ಕಳವನ್ನು ಪರೀಕ್ಷಿಸುತ್ತದೆ. ಕೆಟ್ಟಿರುವುದು ಹೆಚ್ಚೆಂದರೆ ಒಂದು. ‘ಹೊನ್ನಾವರ ಕೆಟ್ಟಿದೆ’ ಎನ್ನುತ್ತದೆ ಭಟ್ಕಳ. ‘ಭಟ್ಕಳ ಸರಿಯಿದೆ’ ಎನ್ನುತ್ತದೆ ಕುಮಟಾ. ಭಟ್ಕಳವೇ ಕೆಟ್ಟಿದ್ದರೆ ಕುಮಟಾ ಅದನ್ನು ಹಿಡಿಯುತ್ತಿತ್ತು. ಕುಮಟಾ ಕೆಟ್ಟಿದ್ದರೆ, ಸರಿಯಿರುವ ಭಟ್ಕಳ ಸರಿಯಿರುವ ಹೊನ್ನಾವರವನ್ನು ದೂರುತ್ತಿರಲಿಲ್ಲ. ಉಳಿದದ್ದು ಹೊನ್ನಾವರ. ಅದು ಕುಮಟಾ ಬಗ್ಗೆ ಏನೇ ಹೇಳಲಿ, ತೀರ್ಪು ಬದಲಾಗದು.

ಎರಡು ಕೆಡಬಹುದಾದರೆ ಕನಿಷ್ಠ 5 ಯಂತ್ರ ಬೇಕು, ಮೂರಕ್ಕೆ 7. ಅಂದರೆ ಸರಿಯಿರುವವರದ್ದೇ ಬಹುಮತ ಇರಬೇಕು.

ಇಂದಿನ ರೂಟರ್‌ಗಳೂ ನೆರೆಯವರನ್ನು ವಿಚಾರಿಸುತ್ತವೆ. ಒಎಸ್‌ಪಿಎಫ್‌ನಲ್ಲಿ ಸಾಮಾನ್ಯವಾಗಿ 10 ಸೆಕೆಂಡಿಗೊಂದು ‘ಹಲೋ’. 40 ಸೆಕೆಂಡು ಸದ್ದಿಲ್ಲದಿದ್ದರೆ ಆ ನೆಂಟಸ್ತಿಕೆ ಮುಗಿಯಿತು, ಬೇರೆ ದಾರಿಯ ಹುಡುಕಾಟ. ಬೇರೆ ದಾರಿಯೇ ಇಲ್ಲದಿದ್ದರೆ ಮಣ್ಣು ಅಗೆದು ತುಂಡಾದ ಫೈಬರ್ ಜೋಡಿಸಲು ಮನುಷ್ಯನೇ ಬರಬೇಕು.

ಗೆಳೆಯರೇ, ನೆಟ್‌ವರ್ಕ್ ಕೆಲಸದ ಸಂದರ್ಶನಕ್ಕೆ ಹೊರಟಿದ್ದರೆ ಈ ಮೂರೂರಿನ ಲೆಕ್ಕವನ್ನು ಒಮ್ಮೆ ಹಾಳೆಯ ಮೇಲೆ ಬಿಡಿಸಿ ನೋಡಿ. ಉರು ಹೊಡೆದ ಉತ್ತರಕ್ಕಿಂತ ಇದು ಗಟ್ಟಿ.