ಚಕ್ಕಡಿಯ ಯಾತ್ರೆಯೂ ಹಿಮದ ಬಂಡಿಯೂ

ನಾರ್ವೆ, ಸ್ವೀಡನ್, ಫಿನ್‌ಲಂಡ ದೇಶಗಳ ಉತ್ತರದ ತುದಿಯಲ್ಲಿ ಡಿಸೆಂಬರ ತಿಂಗಳಿನ ಕೆಲವು ದಿನ ಸೂರ್ಯನು ಮೂಡುವದೇ ಇಲ್ಲ. ಅಂಥ ಚಳಿಯೊಳಗೆ ರೊಕ್ಕ ಕೊಟ್ಟು ರಜೆ ಕಳೆಯಲಿಕ್ಕೆ ಹೋಗುವ ಜನರಿದ್ದಾರೆ. ನಾಲ್ಕಾರು ನಾಯಿಗಳು ಎಳೆಯುವ, ಗಾಲಿಯಿಲ್ಲದ ಒಂದು ಬಂಡಿಯ ಹಿಂದೆ ನಿಂತು ಹಿಮದ ಕಾಡಿನಲ್ಲಿ ಮೂರು ದಿನವೋ ಐದು ದಿನವೋ ಸಂಚರಿಸುವದು, ರಾತ್ರಿ ಕಟ್ಟಿಗೆಯ ಗುಡಿಸಲಿನಲ್ಲಿ ಮಲಗುವದು, ಇದೇ ಆ ರಜೆ. ಎಲ್ಲರ ಮುಂದೆ ದಾರಿ ಬಲ್ಲ ಒಬ್ಬನ ಬಂಡಿ. ಅದರ ಜಾಡಿನಲ್ಲಿ ಪ್ರವಾಸಿಗಳ ಬಂಡಿಗಳು.

ಈ ಸಂಗತಿಯನ್ನು ನಾನು ವಾಚನಾಲಯದಲ್ಲಿ ಗೆಳೆಯರಿಗೆ ಹೇಳಿದಾಗ ಅವರು ನಕ್ಕರು. ನಾಯಿಯ ಕೈಯಲ್ಲಿ ಎಳೆಯಿಸಿಕೊಂಡು ಚಳಿಯಲ್ಲಿ ನಡುಗುವದು ಯಾವ ಸುಖ ಎಂದು ಅವರ ಪ್ರಶ್ನೆ. ನನಗೆ ಮಾತ್ರ ಅದು ಅಪರಿಚಿತವೆನಿಸಲಿಲ್ಲ. ಯಾಕಂದರೆ ಹೋದ ಭಾರತ ಹುಣ್ಣಿವೆಗೆ ನಮ್ಮ ಮನೆಯವರು ಮೂಡಲಗಿಯ ಕಡೆಯಿಂದ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೋಗಿದ್ದೆವು. ಬಸ್ಸಿನಲ್ಲಿ ಒಂದೇ ದಿನದಲ್ಲಿ ಹೋಗಿ ಬರುವ ದಾರಿಯನ್ನು ನಾವು ನಾಲ್ಕು ದಿನ ನಡೆದೆವು. ನಾಯಿಯ ಬಂಡಿಯ ಬಗ್ಗೆ ನಾನು ಓದಿದ್ದೆಲ್ಲ ಆ ನಾಲ್ಕು ದಿನಗಳ ಬೆಳಕಿನಲ್ಲಿಯೇ ನನಗೆ ತಿಳಿಯಿತು.

ಮೊದಲು ನಾಯಿಗಳ ವಿಷಯ. ಹಸ್ಕಿ ಎಂಬುದು ನೋಡಲಿಕ್ಕೆ ಅಂಥ ದೊಡ್ಡ ಪ್ರಾಣಿಯಲ್ಲ. ಓಟಕ್ಕೆಂದು ಬೆಳೆಸಿದ ನಾಯಿ ಇಪ್ಪತ್ತು, ಇಪ್ಪತ್ತೈದು ಕಿಲೋ ತೂಗಿದರೆ ಹೆಚ್ಚು. ಎಲ್ಲಕ್ಕೂ ಮುಂದೆ ಕಟ್ಟುವ ನಾಯಿಗಳು ಬಲಕ್ಕಿಂತ ಬುದ್ಧಿಯಲ್ಲಿ ಹೆಚ್ಚಿನವು. ಎಡ, ಬಲ, ನಿಲ್ಲು ಎಂಬ ಮಾತುಗಳನ್ನು ಅವು ತಿಳಿಯಬೇಕು. ಬಂಡಿಗೆ ತೀರ ಹತ್ತಿರ ಕಟ್ಟುವವು ಗಟ್ಟಿಮುಟ್ಟಾದವು. ತಿರುವಿನಲ್ಲಿ ಭಾರವನ್ನೆಲ್ಲ ತಾಳುವವು ಅವೇ. ಇವಕ್ಕೆ ಚಳಿಯ ಭಯವಿಲ್ಲ, ಸೆಕೆಯ ಭಯವುಂಟು. ಸೊನ್ನೆಗಿಂತ ಹತ್ತು ಹದಿನೈದು ಅಂಶ ಕೆಳಗಿದ್ದರೆ ಅವು ಹುರುಪಿನಿಂದ ಓಡುತ್ತವೆ. ಹೊಸಬರಿಗೆ ಮೊದಲು ಕಲಿಸುವ ಪಾಠವೆಂದರೆ, ಬಿದ್ದರೂ ಬಂಡಿಯನ್ನು ಕೈಬಿಡಬಾರದು ಎಂಬುದು. ಬಿಟ್ಟರೆ ನಾಯಿಗಳು ಹಿಂದಿರುಗಿ ನೋಡುವದಿಲ್ಲ.

ಇಲ್ಲಿ ಒಂದು ಮಾತನ್ನು ಹೇಳಬೇಕು. ನಾಯಿಯ ಬಂಡಿಯು ಆ ನಾಡಿನ ಮೂಲನಿವಾಸಿಗಳಾದ ಸಾಮಿ ಜನರ ಹಳೆಯ ವಾಹನವಲ್ಲ. ಅವರ ಬಂಡಿಯನ್ನು ಎಳೆಯುತ್ತಿದ್ದುದು ಹಿಮಸಾರಂಗ. ನಾಯಿಯ ಬಂಡಿಯ ತವರು ಸೈಬೇರಿಯ, ಅಲಾಸ್ಕ, ಗ್ರೀನ್‌ಲಂಡಗಳ ಕಡೆಗಿದೆ. ಸ್ಕ್ಯಾಂಡಿನೇವಿಯಕ್ಕೆ ಅದು ಕ್ರೀಡೆಯಾಗಿಯೂ ಪ್ರವಾಸವಾಗಿಯೂ ಈಚೆಗೆ ಬಂದದ್ದು. ನಮ್ಮ ಚಕ್ಕಡಿಯ ಮಾತು ಹಾಗಲ್ಲ. ಅದು ನಮ್ಮ ಹೊಲದಿಂದಲೇ ಎದ್ದು ಗುಡ್ಡಕ್ಕೆ ಹೋಗುತ್ತದೆ, ಮರಳಿ ಬಂದು ಹೊಲಕ್ಕೇ ಇಳಿಯುತ್ತದೆ.

ಭಾರತ ಹುಣ್ಣಿವೆಯೆಂದರೆ ಮಾಘಮಾಸದ ಹುಣ್ಣಿವೆ. ಜೋಳದ ಬೆಳೆ ಕೈಗೆ ಬರುವ ಕಾಲ, ಕಬ್ಬು ಕಾರಖಾನೆಗೆ ಹೋಗುವ ಕಾಲ. ಮೂಡಲಗಿಯ ಕಡೆಯ ಚಕ್ಕಡಿಗಳು ಲೋಳಸೂರ ಸೇತುವೆಯ ಮೇಲೆ ಘಟಪ್ರಭೆಯನ್ನು ದಾಟಿ ಗೋಕಾಕವನ್ನು ಸೇರುತ್ತವೆ. ಹುಕ್ಕೇರಿಯ ಕಡೆಯವು ಸಂಕೇಶ್ವರದ ಹೆದ್ದಾರಿಯನ್ನು ಹಿಡಿದು ಅಲ್ಲಿಗೇ ಬರುತ್ತವೆ. ಮುಂದೆ ಎಲ್ಲರಿಗೂ ಯರಗಟ್ಟಿಯ ದಾರಿ. ನಮ್ಮ ಗುಂಪಿನಲ್ಲಿ ಏಳು ಚಕ್ಕಡಿಗಳಿದ್ದವು. ಹತ್ತಾರು ಸಲ ಹೋಗಿ ಬಂದ ಒಂದು ಹಳೆಯ ಜೋಡಿ ಎಲ್ಲಕ್ಕೂ ಮುಂದೆ. ಹೊಸದಾಗಿ ನೊಗ ಹೊತ್ತ ಹೋರಿಗಳು ನಡುವೆ. ಮುಂದಿನ ಗಾಡಿ ನಡೆದರೆ ಹಿಂದಿನ ಎತ್ತುಗಳು ತಾವಾಗಿ ನಡೆಯುತ್ತವೆ. ಬೆಳಗಿನ ಜಾವ ಹೊಡೆಯುವವನು ತೂಕಡಿಸಿದರೂ ಚಿಂತೆಯಿಲ್ಲ. ನಾಯಿಗೂ ಎತ್ತಿಗೂ ಇರುವ ಅಂತರ ಇದೇ ಎಂದು ನನಗನಿಸುತ್ತದೆ: ಒಂದನ್ನು ತಡೆಯುವದು ಕಠಿಣ, ಇನ್ನೊಂದನ್ನು ಅವಸರಪಡಿಸುವದು ಕಠಿಣ.

ಚಕ್ಕಡಿಗೆ ಎರಡೇ ಗಾಲಿ. ಆದ್ದರಿಂದ ಅದರ ವಿದ್ಯೆಯೆಲ್ಲ ತೂಕದಲ್ಲಿದೆ. ಸಾಮಾನು ಮುಂದಕ್ಕೆ ಹೆಚ್ಚಾದರೆ ಮುಂಭಾರವಾಗಿ ನೊಗವು ಎತ್ತಿನ ಹೆಗಲನ್ನು ಒತ್ತುತ್ತದೆ. ಸಂಜೆಯೊಳಗೆ ಹೆಗಲು ಬಾಯುತ್ತದೆ. ಹಿಂದಕ್ಕೆ ಹೆಚ್ಚಾದರೆ ಹಿಂಭಾರವಾಗಿ ನೊಗ ಮೇಲೇಳುತ್ತದೆ. ಆಗ ಕೊರಳಿನ ಜತಿಗೆ ಗಂಟಲನ್ನು ಬಿಗಿಯುತ್ತದೆ. ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ನೀರಿನ ಕೊಡ, ಎತ್ತಿನ ಕಣಿಕೆ, ಹಿಂಡಿ ಇವುಗಳನ್ನು ಇಡುವದಕ್ಕೆ ಅಜ್ಜ ಒಂದು ತಾಸು ತೆಗೆದುಕೊಂಡ. ಕೊನೆಗೆ ಮೂಕಿಯನ್ನು ಎರಡು ಬೆರಳಿನಿಂದ ಎತ್ತಿ ನೋಡಿದ. ಅದು ಹಗುರಾಗಿ ಎದ್ದಿತು. ಏರು ಬಂದಾಗ ಗಂಡಸರೆಲ್ಲ ಇಳಿದು ನಡೆಯುವರು, ಹಿಂದೆ ಕುಳಿತ ಹೆಂಗಸರು ಮುಂದಕ್ಕೆ ಸರಿಯುವರು. ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದುವ ನಾನು ಸನ್ನೆಗೋಲಿನ ತತ್ತ್ವವನ್ನು ಕಲಿತದ್ದು ಹೀಗೆ.

ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರಿಗಿಂತ ಹೆಚ್ಚು ಹೋಗುವ ರೂಢಿಯಿಲ್ಲ. ಎತ್ತಿನ ಕಾಲಲ್ಲಿ ಶಕ್ತಿಯಿಲ್ಲವೆಂದು ಅಲ್ಲ. ಅದರ ಹೊಟ್ಟೆಗೆ ವೇಳೆ ಬೇಕು. ತಿಂದ ಮೇವನ್ನು ಅದು ಮಲಗಿ ಮೆಲುಕು ಹಾಕಬೇಕು. ಅದಕ್ಕಾಗಿ ಬೆಳ್ಳಿಚಿಕ್ಕಿ ಮೂಡುವ ಹೊತ್ತಿಗೆ ಹೂಡಿ, ಬಿಸಿಲೇರುವ ಮುಂಚೆ ಕೊರಳು ಬಿಡುವದು. ಸಂಜೆ ಮತ್ತೆ ನಾಲ್ಕು ತಾಸು ನಡೆಯುವದು. ಕೊರಳು ಬಿಟ್ಟ ಕೂಡಲೆ ನೀರು, ತರುವಾಯ ಮೇವು, ತರುವಾಯ ಹೆಗಲಿಗೆ ಎಣ್ಣೆ. ಮನುಷ್ಯರ ಬುತ್ತಿ ಬಿಚ್ಚುವದು ಅದಾದ ಮೇಲೆ. ಹಿಮದ ನಾಡಿನಲ್ಲಿಯೂ ಇದೇ ನಿಯಮವೆಂದು ಓದಿ ನನಗೆ ಬಹಳ ಸಂತೋಷವಾಯಿತು. ಅಲ್ಲಿ ರೊಕ್ಕ ಕೊಟ್ಟು ಬಂದ ಸಾಹೇಬನೇ ಕೆರೆಯ ಮಂಜುಗಡ್ಡೆಗೆ ತೂತು ಕೊರೆದು ನೀರು ತರಬೇಕು, ಇಲ್ಲವೆ ಹಿಮವನ್ನು ಕರಗಿಸಬೇಕು, ಮಾಂಸ ಬೆರೆಸಿ ನಾಯಿಗಳಿಗೆ ಹಾಕಬೇಕು. ಆಮೇಲೆ ಅವನ ಊಟ. ಪ್ರಾಣಿಯ ಮೇಲೆ ಹೋಗುವ ರಜೆಯಲ್ಲಿ ಪ್ರಾಣಿಗೂ ರಜೆಯಿಲ್ಲ, ಅದನ್ನು ಸಾಕಿದವನಿಗೂ ಇಲ್ಲ.

ಮೂರನೆಯ ದಿನ, ಯರಗಟ್ಟಿ ಇನ್ನೂ ದೂರವಿರುವಾಗ, ನಮ್ಮ ಬಲಗೋಲಿನ ಎತ್ತು ಕುಂಟತೊಡಗಿತು. ಎತ್ತಿನ ಗೊರಸು ಸೀಳಿದ್ದು. ಒಂದು ಕಾಲಿಗೆ ಎರಡರಂತೆ ಎಂಟು ಲಾಳ. ಅದರಲ್ಲಿ ಮುಂಗಾಲಿನದೊಂದು ಕಳಚಿ ಬಿದ್ದಿತ್ತು. ಮಣ್ಣಿನ ದಾರಿಯಾಗಿದ್ದರೆ ಒಂದು ಹರದಾರಿ ನಡೆದೀತು. ಡಾಂಬರು ರಸ್ತೆಯು ಅರದಂತೆ ಗೊರಸನ್ನು ತಿನ್ನುತ್ತದೆ. ಮೇಲಾಗಿ ಎರಡೆರಡು ಟ್ರೇಲರ ಕಬ್ಬು ಹೇರಿಕೊಂಡು ಬರುವ ಟ್ರ್ಯಾಕ್ಟರುಗಳಿಗೆ ಅಂಜಿ, ಎತ್ತುಗಳು ಕಲ್ಲುಕಡಿ ಬಿದ್ದ ಅಂಚಿನಲ್ಲಿಯೇ ನಡೆಯಬೇಕಾಗಿತ್ತು. (ನಾಯಿಗಳ ಪಂಜಕ್ಕೂ ಹರಿತವಾದ ಹಿಮದಲ್ಲಿ ಬಟ್ಟೆಯ ಚೀಲ ಕಟ್ಟುತ್ತಾರಂತೆ.)

ಮರುದಿನವೇ ಹುಣ್ಣಿವೆ. ಹೇಗಾದರೂ ಯರಗಟ್ಟಿಯವರೆಗೆ ನಡೆಯಿಸೋಣ ಎಂದು ಮಾವ ಅಂದ. ನಾನೂ ಹಾಗೆಯೇ ಅಂದೆ. ಅವ್ವನ ಹರಕೆ ನನ್ನ ಪರೀಕ್ಷೆಯದೇ ಆಗಿತ್ತು. ನಮ್ಮ ಮನೆಯಲ್ಲಿ ಡಿಗ್ರಿಯವರೆಗೆ ಬಂದವರು ನನಗಿಂತ ಮುಂಚೆ ಯಾರೂ ಇಲ್ಲ. ಹುಣ್ಣಿವೆಯ ದಿನವೇ ಪಡ್ಡಲಿಗೆ ತುಂಬಿಸುವೆನೆಂದು ಆಕೆ ಬೇಡಿಕೊಂಡಿದ್ದಳು. ಅಜ್ಜ ಮಾತಾಡದೆ ಬೇವಿನ ಗಿಡದ ಕೆಳಗೆ ಕೊರಳು ಬಿಟ್ಟ. ನಾನು ಸಿಟ್ಟಿನಿಂದ, “ಹುಣ್ಣಿವಿ ತಪ್ಪತೈತಿ ಅಜ್ಜಾ,” ಎಂದೆ.

“ಹುಣ್ಣಿವಿ ಬರೂ ವರ್ಷಾನೂ ಬರತೈತಿ. ಇದರ ಕಾಲ ಹ್ವಾದ್ರ ಬರೂದಿಲ್ಲ,” ಎಂದನು.

ಅವ್ವನನ್ನೂ ಉಳಿದ ಹೆಂಗಸರನ್ನೂ ಮುಂದಿನ ಚಕ್ಕಡಿಗಳಲ್ಲಿ ಕೂಡ್ರಿಸಿ ಕಳಿಸಿದೆವು. ಅಜ್ಜನೂ ನಾನೂ ಉಳಿದೆವು.

ಅಮುಂಡ್ಸನ್ ಎಂಬ ನಾರ್ವೆಯ ಸಾಹಸಿಯು ೧೯೧೧ನೆಯ ಡಿಸೆಂಬರ ೧೪ಕ್ಕೆ ಎಲ್ಲರಿಗಿಂತ ಮೊದಲು ದಕ್ಷಿಣ ಧ್ರುವವನ್ನು ಮುಟ್ಟಿದ್ದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅವನು ಹೊರಟಾಗ ೫೨ ನಾಯಿಗಳಿದ್ದವು. ನೆಲೆಗೆ ಮರಳಿದವು ೧೧. ಹೆಚ್ಚಿನವನ್ನು ದಾರಿಯಲ್ಲಿ ಕೊಂದು ಉಳಿದ ನಾಯಿಗಳಿಗೂ ಮನುಷ್ಯರಿಗೂ ಉಣಿಸಿದರು. ಕಷ್ಟದಲ್ಲಿ ತೋಚಿದ ಉಪಾಯವಲ್ಲ ಅದು, ಹೊರಡುವ ಮೊದಲೇ ಹಾಕಿದ ಲೆಕ್ಕ. ಅದೇ ನಾರ್ವೆಯಲ್ಲಿ ಹುಟ್ಟಿ ಅಲಾಸ್ಕಕ್ಕೆ ಹೋದ ಸೆಪ್ಪಲ ಎಂಬವನ ಕಥೆ ಬೇರೆ. ೧೯೨೫ರಲ್ಲಿ ನೋಮ್ ಎಂಬ ಊರಿನಲ್ಲಿ ಮಕ್ಕಳಿಗೆ ಗಂಟಲಮಾರಿ ಬಂದಾಗ, ಇಪ್ಪತ್ತು ಜನ ಸರದಿಯ ಮೇಲೆ ೧,೦೦೦ ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ನಾಯಿಯ ಬಂಡಿಗಳಲ್ಲಿ ಕ್ರಮಿಸಿ ಆರು ದಿನದೊಳಗೆ ಔಷಧ ಮುಟ್ಟಿಸಿದರು. ಅವರಲ್ಲಿ ಎಲ್ಲರಿಗಿಂತ ಉದ್ದದ ಪಾಲು ಸೆಪ್ಪಲನದು, ಅವನ ಮುಂದಾಳು ನಾಯಿ ಟೋಗೋದು. ಅಲ್ಲಿ ಅವಸರಕ್ಕೆ ಕಾರಣವಿತ್ತು. ನಮ್ಮ ಅವಸರಕ್ಕೆ ಎಷ್ಟು ಕಾರಣವಿತ್ತೆಂಬುದನ್ನು ಆ ರಾತ್ರಿ ಗಿಡದ ಕೆಳಗೆ ಮಲಗಿ ನಾನು ಬಹಳ ಹೊತ್ತು ಯೋಚಿಸಿದೆ. ಹುಣ್ಣಿವೆಯ ಮುನ್ನಾದಿನದ ಚಂದ್ರ. ಎತ್ತು ಕಾಲು ಚಾಚಿ ಮಲಗಿ ಮೆಲುಕು ಹಾಕುತ್ತಿತ್ತು.

ಮರುದಿನ ಲಾಳ ಕಟ್ಟುವವನನ್ನು ಮೋಟರಸೈಕಲ್ಲಿನ ಮೇಲೆ ಕರೆತಂದದ್ದಾಯಿತು. ಹಗ್ಗ ಹಾಕಿ ಎತ್ತನ್ನು ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಗೊರಸನ್ನು ಹೆರೆದು ಮೊಳೆ ಹೊಡೆದನು. ಅಜ್ಜ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ. ಇಂಥ ಕೆಲಸ ಬಲ್ಲವರು ಈಗ ನಾಲ್ಕೂರಿಗೆ ಒಬ್ಬರು. ಎತ್ತಿದ್ದ ಮನೆಗಳೇ ಕಡಿಮೆಯಾಗಿವೆ. ನಮ್ಮ ಮನೆಯಲ್ಲಿಯೂ ಜೋಡಿಯನ್ನು ಮಾರಿ ಟ್ರ್ಯಾಕ್ಟರ ಕೊಳ್ಳುವ ಮಾತು ಎರಡು ವರ್ಷದಿಂದ ನಡೆದಿದೆ. ನನಗೆ ನೌಕರಿ ಸಿಕ್ಕರೆ ಕಂತು ಕಟ್ಟುವವನು ನಾನೇ.

ಹುಣ್ಣಿವೆಯ ಮರುದಿನ ಮಧ್ಯಾಹ್ನ ನಾವು ಜೋಗುಳಬಾವಿಯನ್ನು ಸೇರಿದೆವು. ಗುಡ್ಡದಿಂದ ಚಕ್ಕಡಿಗಳು ಎದುರಿಗೆ ಇಳಿದು ಬರುತ್ತಿದ್ದವು. ಭಂಡಾರ ಬಿದ್ದು ಎತ್ತುಗಳ ಹಣೆಯೆಲ್ಲ ಹಳದಿ. ಕೊನೆಯ ಏರಿನಲ್ಲಿ ನಾನೂ ಇಳಿದು ಗಾಲಿಗೆ ಕೈಕೊಟ್ಟೆ. ಮೇಲೆ ಅವ್ವ ಹೋಳಿಗೆ ಇಟ್ಟುಕೊಂಡು ಕಾಯುತ್ತಿದ್ದಳು. ಪಡ್ಡಲಿಗೆ ಇನ್ನೂ ತುಂಬಿಸಿರಲಿಲ್ಲ. ಮೊದಲನೆಯ ಹೋಳಿಗೆಯನ್ನು ಬಲಗೋಲಿನ ಎತ್ತಿಗೆ ತಿನ್ನಿಸಿ, ತರುವಾಯ ನನ್ನ ಕೈ ತೊಳೆಯಿಸಿ ಗುಡಿಯ ಕಡೆಗೆ ಕರೆದುಕೊಂಡು ಹೋದಳು.