ಗ್ರೀನ್‌ವುಡ್‌ನ ಕಥೆ ಮಕ್ಕಳಿಗೆ ಹೇಳುವ ಬಗೆ

ಅಮೆರಿಕದ ಓಕ್ಲಹೋಮ ರಾಜ್ಯದ ಟಲ್ಸಾ ನಗರದಲ್ಲಿ ಗ್ರೀನ್‌ವುಡ್ ಕಪ್ಪು ಜನರ ಬಡಾವಣೆ. 1921ರ ಮೇ 31ರ ರಾತ್ರಿ ಬಿಳಿಯರ ಗುಂಪು ಅದರ ಮೇಲೆ ಬಿತ್ತು; ಮರುದಿನ ಮಧ್ಯಾಹ್ನದ ಹೊತ್ತಿಗೆ ಸುಮಾರು 35 ಬ್ಲಾಕ್‌ಗಳು ಸುಟ್ಟುಹೋಗಿದ್ದವು. ಶೂ ಪಾಲಿಶ್ ಮಾಡುತ್ತಿದ್ದ ಡಿಕ್ ರೋಲೆಂಡ್ ಎಂಬ ಕಪ್ಪು ಯುವಕ ಲಿಫ್ಟಿನಲ್ಲಿ ಬಿಳಿ ಹುಡುಗಿಯೊಬ್ಬಳ ಮೇಲೆ ಕೈಮಾಡಿದನೆಂಬುದು ನೆಪ. ಆ ಮೊಕದ್ದಮೆ ಮುಂದೆ ಬಿದ್ದೇ ಹೋಯಿತು. ಸತ್ತವರು 100ರಿಂದ 300 ಎಂದು ಇತಿಹಾಸಕಾರರು ಅಂದಾಜಿಸುತ್ತಾರೆ.

ಆಮೇಲೆ ಕವಿದದ್ದು ಮೌನ. ದಶಕಗಳ ಕಾಲ ಟಲ್ಸಾದ ಮಕ್ಕಳು ತಮ್ಮ ಊರಿನ ಈ ಸಂಗತಿ ತಿಳಿಯದೆಯೇ ಶಾಲೆ ಮುಗಿಸಿದರು. 1997ರಲ್ಲಿ ರಾಜ್ಯ ನೇಮಿಸಿದ ಆಯೋಗ 2001ರಲ್ಲಿ ವರದಿ ಕೊಟ್ಟ ಬಳಿಕವಷ್ಟೇ ವಿಷಯ ಪಠ್ಯಕ್ರಮದೊಳಗೆ ಬಂತು. ಟಲ್ಸಾದಲ್ಲೇ ಹುಟ್ಟಿದ ಚಿತ್ರಕಾರ ಫ್ಲಾಯ್ಡ್ ಕೂಪರ್‌ಗೆ ಇದನ್ನು ಹೇಳಿದವರು ಬದುಕುಳಿದಿದ್ದ ಅವರ ಅಜ್ಜ, ಶಾಲೆಯಲ್ಲ.

ಕೂಪರ್ ಚಿತ್ರ ಬರೆದು, ಕ್ಯಾರೊಲ್ ಬಾಸ್ಟನ್ ವೆದರ್‌ಫರ್ಡ್ ಕಥೆ ಹೇಳಿದ 'ಅನ್‌ಸ್ಪೀಕಬಲ್' ಎಂಬ ಮಕ್ಕಳ ಪುಸ್ತಕ 2021ರಲ್ಲಿ ಬಂತು. ಅದರ ಆರಂಭ ಬೆಂಕಿಯಿಂದಲ್ಲ. ಅಂಗಡಿ, ಚರ್ಚು, ಸಿನಿಮಾ ಮಂದಿರಗಳಿಂದ ತುಂಬಿದ ಊರಿನಿಂದ. ಇದೇ ಸರಿಯಾದ ಕ್ರಮ. ಏನಿತ್ತೆಂದು ಗೊತ್ತಿರದ ಮಗುವಿಗೆ ಏನು ಹೋಯಿತೆಂದು ತಿಳಿಯುವುದು ಹೇಗೆ? ಹೆಣಗಳ ಫೋಟೊ ಚಿಕ್ಕವರಿಗೆ ಬೇಡ. ದಾಳಿಯನ್ನು ತರಗತಿಯಲ್ಲಿ ನಾಟಕವಾಗಿ ಆಡಿಸುವುದಂತೂ ಯಾವ ವಯಸ್ಸಿನವರಿಗೂ ಸಲ್ಲದು; ನಿಜವಾದ ನೋವು ಅಲ್ಲಿ ಆಟವಾಗಿಬಿಡುತ್ತದೆ, ಕಪ್ಪು ಮಕ್ಕಳು ಮತ್ತೊಮ್ಮೆ ನೋಯುತ್ತಾರೆ.

ತೋರಿಸಲೇಬೇಕಾದ ಫೋಟೊ ಒಂದಿದೆ. ದಾಳಿಯಾದ ಕೆಲವೇ ದಿನಗಳಲ್ಲಿ ವಕೀಲ ಬಿ.ಸಿ. ಫ್ರಾಂಕ್ಲಿನ್ ಡೇರೆಯೊಳಗೆ ಮೇಜು ಹಾಕಿಕೊಂಡು ಕೆಲಸಕ್ಕೆ ಕುಳಿತಿದ್ದಾರೆ. ಬೆಂಕಿ ತಗುಲದ ದುಬಾರಿ ಸಾಮಗ್ರಿಯಿಂದಲೇ ಮನೆ ಕಟ್ಟಬೇಕೆಂದು ನಗರಾಡಳಿತ ನಿಯಮ ತಂದಾಗ, ಅದರ ವಿರುದ್ಧ ಹೋರಾಡಿ ಗೆದ್ದವರು ಇವರು. ಸುಟ್ಟ ಜಾಗದಲ್ಲಿ ಜನ ಮತ್ತೆ ಮನೆ ಎಬ್ಬಿಸಿದರು. ಇದನ್ನು ಬಿಟ್ಟರೆ ಮಕ್ಕಳ ಮನಸ್ಸಿನಲ್ಲಿ ಗ್ರೀನ್‌ವುಡ್‌ನವರು ಬರೀ ಸತ್ತವರಾಗಿ ಉಳಿಯುತ್ತಾರೆ.

ದೊಡ್ಡ ಮಕ್ಕಳಿಗೆ ಹೊಣೆಯ ಪ್ರಶ್ನೆಯನ್ನೂ ಎತ್ತಬೇಕು. ಅಂದು ರಾತ್ರಿ ಪೊಲೀಸರು ಬಿಳಿಯ ನಾಗರಿಕರನ್ನೇ ತಮ್ಮ ಸಹಾಯಕರಾಗಿ ನೇಮಿಸಿಕೊಂಡಿದ್ದರು. ನಷ್ಟಕ್ಕೆ ವಿಮಾ ಕಂಪನಿಗಳು ಹಣ ಕೊಡಲಿಲ್ಲ. ತಮ್ಮ ಜನಾಂಗದ ಕಾರಣಕ್ಕೆ ಯಾರೂ ತಪ್ಪಿತಸ್ಥ ಭಾವ ತಾಳಬೇಕೆಂದು ಬೋಧಿಸಕೂಡದೆಂಬ ಕಾನೂನು ಓಕ್ಲಹೋಮದಲ್ಲಿ 2021ರಲ್ಲಿ ಬಂದಾಗ ಹಲವು ಶಿಕ್ಷಕರು ಹಿಂಜರಿದರು. ಇಂದಿನ ಬಿಳಿ ಮಗು ಬೆಂಕಿ ಹಚ್ಚಲಿಲ್ಲ, ನಿಜ. ಹಚ್ಚಿದವರು ಯಾರು, ತಡೆಯದವರು ಯಾರು ಎಂದು ಹೇಳಿದರೆ ಆ ಮಗುವಿನ ಮೇಲೆ ತಪ್ಪು ಹೊರಿಸಿದಂತಾಗುವುದಿಲ್ಲ. ಪಾಠವನ್ನು 1921ಕ್ಕೇ ನಿಲ್ಲಿಸುವಂತೆಯೂ ಇಲ್ಲ: ಬದುಕುಳಿದವರು ಪರಿಹಾರ ಕೋರಿ ಹೂಡಿದ್ದ ದಾವೆಯ ವಜಾವನ್ನು ರಾಜ್ಯದ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2024ರ ಜೂನ್‌ನಲ್ಲಿ.